ಉದ್ಯಮಶೀಲತೆ: ಹೊಸಹೊಳಲು ಸೀಮೆಯ ಕಬ್ಬು, ಬೆಲ್ಲ, ಸಕ್ಕರೆ

ಒಂದು ಆಲೋಚನೆಗೆ ಬಂಡವಾಳ, ದುಡಿಮೆ, ಕಚ್ಚಾವಸ್ತು ಮತ್ತು ಗಿರಾಕಿಗಳನ್ನು ಹೊಂದಿಸಿ, ನಷ್ಟವಾದರೆ ಅದರ ಹೊಣೆಯನ್ನೂ ಹೊತ್ತು, ನಡೆಯುವ ವ್ಯವಹಾರವಾಗಿ ನಿಲ್ಲಿಸುವ ಸಾಮರ್ಥ್ಯವೇ ಉದ್ಯಮಶೀಲತೆ. ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ 1911ರ ತಮ್ಮ ಗ್ರಂಥದಲ್ಲಿ ಇದನ್ನು ಹೊಸ ಸಂಯೋಜನೆಗಳ ಕೆಲಸವೆಂದು ಕರೆದು ಹೊಸ ಸರಕು, ಹೊಸ ತಯಾರಿಕಾ ವಿಧಾನ, ಹೊಸ ಮಾರುಕಟ್ಟೆ, ಕಚ್ಚಾವಸ್ತುವಿನ ಹೊಸ ಮೂಲ, ಹೊಸ ಸಂಘಟನೆ ಎಂದು ಐದು ಬಗೆಗಳನ್ನು ಹೇಳಿದರು. ಅಮೆರಿಕದ ಫ್ರಾಂಕ್ ನೈಟ್ 1921ರಲ್ಲಿ, ಲೆಕ್ಕಕ್ಕೆ ಸಿಗದ ಅನಿಶ್ಚಿತತೆಯನ್ನು ಹೊತ್ತವರಿಗೆ ಸಲ್ಲುವುದೇ ಲಾಭ ಎಂದರು. ಹೊಯ್ಸಳರ ಕಾಲದ ಲಕ್ಷ್ಮೀನಾರಾಯಣ ಗುಡಿಗೆ ಹೆಸರಾದ, ಕೃಷ್ಣರಾಜಪೇಟೆಯ ಮಗ್ಗುಲಲ್ಲೇ ಇರುವ ಹೊಸಹೊಳಲು, ಅದರ ಸುತ್ತಲಿನ ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ ತಾಲ್ಲೂಕುಗಳು ಮತ್ತು ನೆರೆಯ ಮಂಡ್ಯ ಸೇರಿದ ಸೀಮೆಯನ್ನು ನೋಡಿದರೆ ನೈಟ್‌ರ ಮಾತೇ ಹೆಚ್ಚು ಒಪ್ಪುತ್ತದೆ. ಇಲ್ಲಿ ಒಂದು ಆಲೋಚನೆ ಉದ್ಯಮವಾಗಿ ಉಳಿಯಿತೇ ಅಳಿಯಿತೇ ಎಂಬುದನ್ನು ಯಂತ್ರದ ಹೊಸತನಕ್ಕಿಂತ ಬೇರೊಂದು ಪ್ರಶ್ನೆ ತೀರ್ಮಾನಿಸಿದೆ: ಖರ್ಚು ಮಾಡಿದ ದಿನಕ್ಕೂ ದುಡ್ಡು ಕೈಸೇರುವ ದಿನಕ್ಕೂ ನಡುವಿನ ಕಾಯುವಿಕೆಯ ಭಾರವನ್ನು ಯಾರು ಹೊರುತ್ತಾರೆ?

ಈ ಪ್ರಶ್ನೆ ಹುಟ್ಟುವುದು ಕಬ್ಬಿನ ಗುಣದಿಂದಲೇ. ನೆಟ್ಟ ಕಬ್ಬು ಕಟಾವಿಗೆ ಬರಲು ಸುಮಾರು ಒಂದು ವರ್ಷ ಬೇಕು. ಅಷ್ಟು ಕಾಲವೂ ಬಿತ್ತನೆ, ಗೊಬ್ಬರ, ಕಳೆ, ನೀರಿನ ಖರ್ಚು ರೈತನದು. ಕಡಿದ ಮೇಲಂತೂ ಒಂದು ದಿನ ತಡವಾದರೂ ತೂಕ ಇಳಿಯುತ್ತದೆ, ರಸದ ಸಿಹಿ ಕುಂದುತ್ತದೆ. ಭತ್ತವನ್ನೋ ರಾಗಿಯನ್ನೋ ಕಣಜಕ್ಕೆ ತುಂಬಿ ಬೆಲೆ ಬರುವವರೆಗೆ ಕಾಯಬಹುದು, ಕಬ್ಬಿಗೆ ಆ ಸೌಲಭ್ಯವಿಲ್ಲ. ಹಾಗಾಗಿ ಬೆಳೆದವನು ಅರೆಯುವವನ ಕೈಯಲ್ಲಿ ಸಿಕ್ಕಿರುತ್ತಾನೆ. ಅರೆಯುವವನಿಗೂ ದಿನಾ ಬೇಕಾದಷ್ಟು ಕಬ್ಬು ಬಾರದಿದ್ದರೆ ಯಂತ್ರ ಸುಮ್ಮನೆ ನಿಲ್ಲುತ್ತದೆ. ಈ ಎರಡು ಭಯಗಳ ನಡುವೆ ಒಪ್ಪಂದವೊಂದನ್ನು ಕಟ್ಟಿದವರೇ ಈ ಸೀಮೆಯ ನಿಜವಾದ ಉದ್ಯಮಿಗಳು.

ಶ್ರೀರಂಗಪಟ್ಟಣದ ಬಳಿಯ ಪಾಲಹಳ್ಳಿಯಲ್ಲಿ 19ನೆಯ ಶತಮಾನದ ನಡುಭಾಗದಲ್ಲಿ ನಡೆದ ಅಷ್ಟಗ್ರಾಮ ಸಕ್ಕರೆ ಕಾರ್ಖಾನೆ ಈ ಸಮಸ್ಯೆಯನ್ನು ಬಳಸು ದಾರಿಯಲ್ಲಿ ಪರಿಹರಿಸಿಕೊಂಡಿತ್ತು. ಅದು ರೈತರಿಂದ ಬೆಲ್ಲವನ್ನು ಕೊಂಡು ಅದನ್ನೇ ಶುದ್ಧಿಮಾಡಿ ಸಕ್ಕರೆ ತೆಗೆಯುತ್ತಿತ್ತು. ಕಬ್ಬು ಕೆಡುವ ಅಪಾಯ ಊರಿನ ಆಲೆಮನೆಯಲ್ಲೇ ಮುಗಿದುಹೋಗುತ್ತಿತ್ತು, ಕಾರ್ಖಾನೆಯ ಬಾಗಿಲಿಗೆ ಬರುತ್ತಿದ್ದುದು ಕೂಡಿಡಬಹುದಾದ ಸರಕು. ಜಾಣತನದ ವ್ಯವಸ್ಥೆಯೇ ಸರಿ. ಆದರೆ ಆಲೆಮನೆ ಎಷ್ಟು ಬೆಲ್ಲ ತೆಗೆಯುತ್ತದೋ ಅಷ್ಟಕ್ಕೇ ಕಾರ್ಖಾನೆಯ ಬೆಳವಣಿಗೆಯೂ ಸೀಮಿತ. ಕಬ್ಬಿನಿಂದ ನೇರವಾಗಿ ಸಕ್ಕರೆ ತೆಗೆಯುವ ದೊಡ್ಡ ಕಾರ್ಖಾನೆ ಈ ಕಡೆ ಬರಲು ಇನ್ನೂ ಮುಕ್ಕಾಲು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಅದು ಬಂದದ್ದು 1933ರಲ್ಲಿ, ಮಂಡ್ಯದ ಮೈಸೂರು ಸಕ್ಕರೆ ಕಂಪನಿಯ ರೂಪದಲ್ಲಿ. ಜನರ ಬಾಯಲ್ಲಿ ಅದು ಮೈಷುಗರ್. ಇದರ ಹಿಂದೆ ಹಲವು ಕೈಗಳಿದ್ದವು. ಕನ್ನಂಬಾಡಿಯಲ್ಲಿ 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರದ ಕಟ್ಟೆ, ಅಲ್ಲಿಂದ ಹೊರಟು ಹುಲಿಕೆರೆಯ ಸುರಂಗವನ್ನು ಹಾದು ಮಂಡ್ಯದ ಬಯಲಿಗೆ ನೀರು ತಂದ ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ), ಹೊಸ ಕಬ್ಬಿನ ತಳಿಗಳ ಮೇಲೆ ಕೆಲಸ ಮಾಡಿದ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂ, 1908ರಲ್ಲಿ ಕೆನಡಾದಿಂದ ಮೈಸೂರಿಗೆ ಬಂದು ಕೃಷಿ ಇಲಾಖೆಯನ್ನು ಕಟ್ಟಿದ ಲೆಸ್ಲಿ ಕೋಲ್ಮನ್, ದಿವಾನ್ ಮಿರ್ಜಾ ಇಸ್ಮಾಯಿಲ್, ಇವರೆಲ್ಲರ ಜೊತೆಗೆ 1932ರ ಸಕ್ಕರೆ ಉದ್ಯಮ ಸಂರಕ್ಷಣಾ ಕಾಯಿದೆ. ಆಮದು ಸಕ್ಕರೆಯ ಮೇಲೆ ಸುಂಕ ಬಿದ್ದುದರಿಂದ ಇಡೀ ಭಾರತದಲ್ಲಿ ಮೂವತ್ತರ ಆಸುಪಾಸಿನಲ್ಲಿದ್ದ ಕಾರ್ಖಾನೆಗಳ ಸಂಖ್ಯೆ ಕೆಲವೇ ವರ್ಷಗಳಲ್ಲಿ ನೂರನ್ನು ದಾಟಿತು. ಮಂಡ್ಯದ್ದು ಅವುಗಳಲ್ಲಿ ಒಂದು. ಅದರಲ್ಲಿ ಸರ್ಕಾರದ ಪಾಲು ದೊಡ್ಡದು, ಉಳಿದ ಷೇರು ಸಾರ್ವಜನಿಕರದು. ಇದು ಸರ್ಕಾರದ ಕೆಲಸ, ಇಲ್ಲಿ ಉದ್ಯಮಶೀಲತೆ ಎಲ್ಲಿಂದ ಬಂತು ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಉದ್ಯಮಿ ಎಂದರೆ ಒಬ್ಬ ವ್ಯಕ್ತಿಯೇ ಆಗಿರಬೇಕೆಂದು ಹಟ ಹಿಡಿದರೆ ಮೈಷುಗರ್ ಈ ಲೇಖನದಿಂದ ಹೊರಗುಳಿಯುತ್ತದೆ. ಆದರೆ ಶುಂಪೀಟರ್ ಹೇಳಿದ ಐದು ಬಗೆಗಳಲ್ಲಿ ಕನಿಷ್ಠ ಮೂರು ಇಲ್ಲಿ ಒಂದೇ ಕಡೆ ಕೂಡಿದ್ದವು. ನೀರಿಲ್ಲದ ನೆಲ ಕಬ್ಬಿನ ಹೊಸ ಮೂಲವಾಯಿತು, ಆಲೆಮನೆಯ ಜಾಗಕ್ಕೆ ಕಾರ್ಖಾನೆಯ ವಿಧಾನ ಬಂತು, ಸರ್ಕಾರವೂ ಜನರೂ ಪಾಲುದಾರರಾದ ಹೊಸ ಸಂಘಟನೆ ಹುಟ್ಟಿಕೊಂಡಿತು. ಎಲ್ಲಕ್ಕಿಂತ ಮುಖ್ಯವಾಗಿ, ಕಾರ್ಖಾನೆ ರೈತನೊಡನೆ ಮುಂಚಿತವಾಗಿ ಕರಾರು ಮಾಡಿಕೊಂಡು ಗೊಬ್ಬರವನ್ನು ಸಾಲವಾಗಿ ಕೊಟ್ಟಿತು. ಒಂದು ವರ್ಷದ ಕಾಯುವಿಕೆಯ ಒಂದು ಪಾಲನ್ನು ಕಂಪನಿ ತನ್ನ ಹೆಗಲಿಗೆ ಎಳೆದುಕೊಂಡಿತು ಎಂದೇ ಇದರ ಅರ್ಥ. ಅದುವರೆಗೆ ರಾಗಿ ಬೆಳೆದುಕೊಂಡಿದ್ದವರು ವರ್ಷದ ಬೆಳೆಗೆ ಧೈರ್ಯಮಾಡಿದ್ದಕ್ಕೆ ನಾಲೆಯ ನೀರಿನಷ್ಟೇ ಈ ಕರಾರೂ ಕಾರಣ.

ನೀರೇ ಎಲ್ಲವನ್ನೂ ಮಾಡಿತು, ಉಳಿದದ್ದೆಲ್ಲ ಅದರ ಹಿಂದೆ ತಾನಾಗಿ ಬಂತು ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಉತ್ತರ ಮಂಡ್ಯದಲ್ಲೇ ನಡೆದ ಅಧ್ಯಯನವೊಂದರಲ್ಲಿದೆ. ಇಂಥ ಅಧ್ಯಯನ ಭಾರತದ ಬೇರೆ ಸೀಮೆಗಳಿಗೆ ಸಿಕ್ಕಿದ್ದು ಅಪರೂಪ. ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೀನ್ 1954ರಿಂದ 1956ರವರೆಗೆ ಮಂಡ್ಯದ ಸಮೀಪದ ಎರಡು ಹಳ್ಳಿಗಳಲ್ಲಿ ಇದ್ದು ಅಧ್ಯಯನ ಮಾಡಿ 1962ರಲ್ಲಿ ಗ್ರಂಥ ಪ್ರಕಟಿಸಿದರು. ಹಳ್ಳಿಗಳಿಗೆ ಅವರು ಕೊಟ್ಟ ಬದಲಿ ಹೆಸರು ವಂಗಲ ಮತ್ತು ದಲೇನ. ವಂಗಲಕ್ಕೆ ನಾಲೆಯ ನೀರು ಬಂತು. ದಲೇನದ ಜಮೀನು ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ಒಣಗಿಯೇ ಉಳಿಯಿತು. ನೀರೇ ಸರ್ವಸ್ವವಾಗಿದ್ದರೆ ಉದ್ಯಮ ಹುಟ್ಟಬೇಕಾದದ್ದು ವಂಗಲದಲ್ಲಿ. ಅಲ್ಲಿ ಹುಟ್ಟಿದ್ದು ಸಮೃದ್ಧಿ. ಹೆಚ್ಚು ಕಬ್ಬು, ಹೆಚ್ಚು ಭತ್ತ, ಒಳ್ಳೆಯ ಮನೆ, ಆದರೆ ಬದುಕಿನ ಕಟ್ಟು ಹಳೆಯದೇ. ಕರಾರು, ಗೊಬ್ಬರ, ಕೊಳ್ಳುವವರು ಎಲ್ಲವೂ ಮನೆಬಾಗಿಲಿಗೆ ಬರುತ್ತಿರುವಾಗ ಊರು ಬಿಟ್ಟು ಹೊಸದನ್ನು ಹುಡುಕುವ ಅಗತ್ಯ ಯಾರಿಗೂ ಕಾಣಲಿಲ್ಲ. ದಲೇನದವರು ಮಾತ್ರ ಸುತ್ತಲಿನ ನೀರಾವರಿಯಿಂದ ಹುಟ್ಟಿದ ಬೇಡಿಕೆಯನ್ನು ಹಿಡಿದರು. ಗಾಡಿ ಕಟ್ಟಿ ಬಾಡಿಗೆಗೆ ಹೊಡೆದರು, ದನಗಳ ವ್ಯಾಪಾರ ಮಾಡಿದರು, ಕಬ್ಬು ಅರೆಯುವ ಯಂತ್ರ, ಹಿಟ್ಟಿನ ಗಿರಣಿ ಹಾಕಿದರು, ಗುತ್ತಿಗೆ ಹಿಡಿದರು, ಮಂಡ್ಯದಲ್ಲಿ ಕೆಲಸಕ್ಕೆ ಸೇರಿದರು, ಕೈಗೆ ನಾಲ್ಕು ಕಾಸು ಸೇರಿದಾಗ ಪಕ್ಕದ ಊರುಗಳಲ್ಲಿ ತರಿ ಜಮೀನು ಕೊಂಡರು. ಗಾಡಿಯ ಬಾಡಿಗೆ ಅಂದೇ ಕೈಗೆ ಬರುತ್ತದೆ, ಗಿರಣಿಯ ಸೇರಿಗಿಷ್ಟು ಎಂಬ ಕೂಲಿ ಅಲ್ಲಿಯೇ ಸಲ್ಲುತ್ತದೆ. ವರ್ಷವಿಡೀ ಕಾಯಲು ಶಕ್ತಿಯಿಲ್ಲದವರು ಬೇಗ ತಿರುಗುವ ದುಡ್ಡಿನ ವ್ಯವಹಾರಗಳನ್ನೇ ಆರಿಸಿಕೊಂಡರು ಎಂದು ಈ ಪಟ್ಟಿಯನ್ನು ಓದಬಹುದು. ಎಪ್‌ಸ್ಟೀನ್ ಒತ್ತುಕೊಟ್ಟದ್ದು ಊರಿನ ಆರ್ಥಿಕ ಬದಲಾವಣೆಗೂ ಸಾಮಾಜಿಕ ಬದಲಾವಣೆಗೂ ಇರುವ ನಂಟಿಗೆ. ಕಾಯುವಿಕೆಯ ಈ ಓದು ಪ್ರಸ್ತುತ ಲೇಖನದ್ದು.

ಮಂಡ್ಯದ ಹೊರಗೂ ಇದೇ ನಡೆ ಕಾಣುತ್ತದೆ. ಮಳೆಯನ್ನೇ ನೆಚ್ಚಿದ ನಾಗಮಂಗಲ ಮತ್ತು ಕೃಷ್ಣರಾಜಪೇಟೆಯ ಮೇಲ್ನೆಲದ ಹಳ್ಳಿಗಳು ಬಹುಕಾಲದಿಂದ ಜನರನ್ನು ಬೆಂಗಳೂರಿಗೂ ಮುಂಬೈಗೂ ಕಳಿಸುತ್ತ ಬಂದಿವೆ. 2020ರ ಲಾಕ್‌ಡೌನ್‌ನಲ್ಲಿ ಮುಂಬೈನಿಂದ ಕೆ.ಆರ್. ಪೇಟೆಗೆ ಮರಳಿದವರ ಸಂಖ್ಯೆ ರಾಜ್ಯಮಟ್ಟದ ಸುದ್ದಿಯಾದಾಗಲೇ ಹೊರಗಿನವರಿಗೆ ಆ ನಂಟಿನ ಗಾತ್ರ ತಿಳಿದದ್ದು. ಹಾಗೆಂದು ಬಡತನವೇ ಉದ್ಯಮಶೀಲತೆಯ ತಾಯಿ ಎಂದು ಹೊರಡುವುದು ತಪ್ಪು. ದಲೇನದ ಪಕ್ಕದಲ್ಲಿ ನೀರುಂಡ ಹಳ್ಳಿಗಳೂ ದುಡ್ಡು ತಿರುಗುವ ಪೇಟೆಯೂ ಇದ್ದವು. ಬೇಡಿಕೆಯಿಲ್ಲದ ಕಡೆ ಬರಿಯ ಕೊರತೆ ಯಾರನ್ನೂ ಉದ್ಯಮಿಯಾಗಿಸದು. ನಾಗಮಂಗಲದ ಲೋಹದ ಎರಕದ ಕುಶಲಿಗಳಲ್ಲಿ ಕೈಚಳಕಕ್ಕೆ ಕೊರತೆಯಿರಲಿಲ್ಲ, ಆದರೂ ಆ ಕಸುಬು ದೊಡ್ಡ ಉದ್ಯಮವಾಗಿ ಹಬ್ಬಲಿಲ್ಲ.

ಕಾಯುವ ಭಾರ ಹೆಗಲು ಬದಲಿಸಿದಾಗ ಏನಾಗುತ್ತದೆ ಎಂಬುದಕ್ಕೆ ಸಕ್ಕರೆ ಕಾರ್ಖಾನೆಗಳ ಮುಂದಿನ ಚರಿತ್ರೆಯೇ ಸಾಕ್ಷಿ. ಸ್ವಾತಂತ್ರ್ಯದ ನಂತರದ ಸಹಕಾರ ಉತ್ಸಾಹದ ಕೂಸು ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆ. ರೈತನೇ ಒಡೆಯ ಎಂಬ ಆಲೋಚನೆ ಮೈಷುಗರ್‌ಗಿಂತಲೂ ಒಂದು ಹೆಜ್ಜೆ ಮುಂದೆ ಹೋದದ್ದು. ಕಾನೂನೂ ರೈತನ ಪರವೇ ಇತ್ತು: 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಬಂದ 14 ದಿನಗಳೊಳಗೆ ಹಣ ಕೊಡಬೇಕು, ತಡವಾದರೆ ಶೇ. 15ರ ಬಡ್ಡಿ. ಕಾಗದದ ಮೇಲಿನ ಈ 14 ದಿನ ವ್ಯವಹಾರದಲ್ಲಿ ತಿಂಗಳುಗಳಾದಾಗ ಕಾರ್ಖಾನೆ ರೈತನಿಂದಲೇ ದುಡಿಯುವ ಬಂಡವಾಳ ಪಡೆಯುತ್ತಿತ್ತು ಎಂದಾಯಿತು. ಹಿಂದೆ ಕಂಪನಿ ಹೊತ್ತದ್ದನ್ನು ಈಗ ರೈತ ಹೊರಬೇಕಾಯಿತು. ಬಾಕಿಗಾಗಿ ಧರಣಿ, ಹೆದ್ದಾರಿ ತಡೆ ಈ ಜಿಲ್ಲೆಯ ರಾಜಕೀಯದ ಖಾಯಂ ಅಂಗಗಳಾದವು. ಪಾಂಡವಪುರದ ಕಾರ್ಖಾನೆ ನಿಂತೂ ನಡೆದೂ ಕೊನೆಗೆ 2020ರಲ್ಲಿ ಖಾಸಗಿ ನಿರಾಣಿ ಸಮೂಹಕ್ಕೆ 40 ವರ್ಷಗಳ ಗುತ್ತಿಗೆಗೆ ಹೋಯಿತು. ಮೈಷುಗರ್ ಕೂಡ ಹಂಗಾಮುಗಳನ್ನು ಕಳೆದುಕೊಂಡು 2022ರಲ್ಲಿ ಸರ್ಕಾರದ ಕೈಯಲ್ಲೇ ಮತ್ತೆ ಕಬ್ಬು ಅರೆಯತೊಡಗಿತು. ಹಳೆಯ ಯಂತ್ರ, ರಾಜಕೀಯದ ಹಸ್ತಕ್ಷೇಪ, ಸಕ್ಕರೆ ಬೆಲೆಯ ಏರಿಳಿತ, ಬರಗಾಲ ಎಲ್ಲವೂ ಕಾರಣಗಳೇ. ಅವುಗಳನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ರೈತ ಬೇರೆ ಕಡೆಗೆ ಕಬ್ಬು ಸಾಗಿಸತೊಡಗಿದ್ದು ಯಂತ್ರ ಹಳತೆಂದಲ್ಲ, ದುಡ್ಡು ಯಾವಾಗ ಬರುತ್ತದೆಂದು ಗೊತ್ತಿಲ್ಲದ್ದರಿಂದ.

ಆತ ಸಾಗಿಸಿದ ಜಾಗಗಳಲ್ಲೊಂದು ಆಲೆಮನೆ. ದೊಡ್ಡ ಕಾರ್ಖಾನೆ ಬಂದ ಮೇಲೆ ಆಲೆಮನೆ ಕಣ್ಮರೆಯಾಗಬೇಕಿತ್ತು ಎಂಬುದು ಪಠ್ಯಪುಸ್ತಕದ ನಿರೀಕ್ಷೆ. ಗಾಣ ಹಿಂಡುವ ರಸ ಕಾರ್ಖಾನೆಯ ಗಿರಣಿಗಿಂತ ಕಡಿಮೆ, ಕೊಪ್ಪರಿಗೆಯ ಕೆಳಗೆ ಒಣ ಸಿಪ್ಪೆ ಉರಿಸುವ ಒಲೆಯಲ್ಲಿ ಶಾಖ ಪೋಲು, ಕಾಕಂಬಿಯಿಂದ ಬರುವ ಉಪಲಾಭವೂ ಇಲ್ಲ. ಆದರೂ ಪಾಂಡವಪುರ, ಕೆ.ಆರ್. ಪೇಟೆ, ಮಂಡ್ಯದ ಹಾದಿಗಳಲ್ಲಿ ಆಲೆಮನೆಯ ಹೊಗೆ ಇಂದಿಗೂ ಏಳುತ್ತದೆ. ಕಡಿದ ಕಬ್ಬು ಕೆಲವೇ ದಿನಗಳಲ್ಲಿ ಅಚ್ಚು ಬೆಲ್ಲವಾಗಿಯೋ ಬಕೆಟ್ ಬೆಲ್ಲವಾಗಿಯೋ ಮಂಡಿ ಸೇರುತ್ತದೆ, ದುಡ್ಡು ಮರಳುತ್ತದೆ. ಇಳುವರಿಯಲ್ಲಿ ಸೋಲುವ ವಿಧಾನ ಕಾಲದ ಲೆಕ್ಕದಲ್ಲಿ ಗೆದ್ದಿದೆ. ಈ ಗೆಲುವಿಗೆ ತೆತ್ತ ಬೆಲೆಯೂ ಉಂಟು. ಮಂಡಿಯಲ್ಲಿ ಬೆಲ್ಲದ ದರ ಬಣ್ಣ ನೋಡಿ ನಿಗದಿಯಾದುದರಿಂದ ಸುಣ್ಣ, ಬೆಂಡೆಯ ಲೋಳೆಗಳಿಂದ ರಸ ತಿಳಿಮಾಡುತ್ತಿದ್ದ ಕಡೆ ಹೈಡ್ರೋಸ್ ಎಂಬ ರಾಸಾಯನಿಕ ಪುಡಿ ಬಂತು, ಬೆಲ್ಲ ಬಿಳುಪಾಯಿತು, ಕೊಳ್ಳುವವರ ಅನುಮಾನ ಹೆಚ್ಚಿತು. ಬೇಗ ಮಾರಲೇಬೇಕಾದವನು ಮಂಡಿ ಕೇಳಿದ ಬಣ್ಣವನ್ನೇ ಕೊಡುತ್ತಾನೆ. ಅದನ್ನು ಆತನ ಅಪ್ರಾಮಾಣಿಕತೆ ಎಂದಷ್ಟೇ ಬೈದರೆ ಸಾಲದು.

ಇಷ್ಟೆಲ್ಲ ಹೇಳಿದ ಮೇಲೆ ವ್ಯಕ್ತಿಯ ಪ್ರತಿಭೆಗೆ ಜಾಗವೇ ಇಲ್ಲವೇ? ಇದೆ. ಮನಶ್ಶಾಸ್ತ್ರಜ್ಞ ಡೇವಿಡ್ ಮೆಕ್ಲೆಲೆಂಡ್ 1964ರಲ್ಲಿ ಆಂಧ್ರದ ಕಾಕಿನಾಡದಲ್ಲಿ ವ್ಯಾಪಾರಿಗಳಿಗೆ ಸಾಧನೆಯ ಹಂಬಲ ಬೆಳೆಸುವ ತರಬೇತಿ ಕೊಟ್ಟು, ತರಬೇತಿ ಪಡೆದವರು ಹೆಚ್ಚು ಚಟುವಟಿಕೆ ತೋರಿದರೆಂದು ವರದಿ ಮಾಡಿದರು. ಕರ್ನಾಟಕದಲ್ಲೇ 1982ರಲ್ಲಿ ಉಜಿರೆಯಲ್ಲಿ ಆರಂಭವಾದ, ಸ್ವಉದ್ಯೋಗ ತರಬೇತಿ ಕೊಡುವ ರುಡ್‌ಸೆಟ್ ಸಂಸ್ಥೆಯ ಮಾದರಿ ದೇಶದ ತುಂಬ ಹಬ್ಬಿತು. ಅವಕಾಶ ಕಾಣುವ ಕಣ್ಣು, ಲೆಕ್ಕ ಇಡುವ ಶಿಸ್ತು ಕಲಿಸಬಲ್ಲ ವಿದ್ಯೆಗಳೇ. ಮದ್ದೂರು ವಡೆಯ ಪ್ರಚಲಿತ ಕಥೆಯನ್ನೇ ನೋಡಿ: 1917ರಲ್ಲಿ ರಾಮಚಂದ್ರ ಬುಧ್ಯ ಅವರು ರೈಲು ನಿಲ್ಲುವ ಅಲ್ಪ ಹೊತ್ತಿನಲ್ಲೇ ಕೊಡಬಹುದಾದ ಚಪ್ಪಟೆ ವಡೆಯನ್ನು ರೂಢಿಗೆ ತಂದರಂತೆ. ಕಥೆಯ ವಿವರಗಳು ಹೇಗೇ ಇರಲಿ, ಗಿರಾಕಿಯ ಸಮಯಕ್ಕೆ ಸರಕನ್ನು ಹೊಂದಿಸಿದ ಬುದ್ಧಿ ಅದರಲ್ಲಿದೆ. ಆದರೆ ವಡೆಗೆ ಬೇಕಾದ ಬಂಡವಾಳ ಒಂದು ದಿನದ್ದು, ಕಬ್ಬಿಗೆ ಬೇಕಾದದ್ದು ಒಂದು ವರ್ಷದ್ದು. ಆ ಅಂತರವನ್ನು ತರಬೇತಿಯೊಂದೇ ತುಂಬಲಾರದು. ಎಪ್‌ಸ್ಟೀನ್ 1970ರಲ್ಲಿ ಮರಳಿ ಬಂದು ನೋಡಿದಾಗ ಎರಡೂ ಹಳ್ಳಿಗಳು ಒಟ್ಟಾರೆ ಮುಂದೆ ಹೋಗಿದ್ದರೂ ಉಳ್ಳವರು ಇನ್ನಷ್ಟು ಉಳ್ಳವರಾಗಿ, ಜಮೀನಿಲ್ಲದ ಬಡವರು ಹಿಂದೆ ಬಿದ್ದಿದ್ದರು. ಕಾಯಲು ಶಕ್ತಿಯಿದ್ದವರಿಗೇ ಅವಕಾಶಗಳು ಒಲಿದವು.

ಇತ್ತೀಚಿನ ಪ್ರಯತ್ನಗಳನ್ನೂ ಇದೇ ಅಳತೆಗೋಲಿನಿಂದ ನೋಡಬೇಕು. ಸಾಫ್ಟ್‌ವೇರ್ ವೃತ್ತಿಯಿಂದ ಊರಿಗೆ ಮರಳಿದ ಮಧುಚಂದನ್ 2015ರಲ್ಲಿ ರೈತರನ್ನು ಸಹಕಾರ ಸಂಘವಾಗಿ ಕೂಡಿಸಿ, ಬೆಂಗಳೂರು–ಮೈಸೂರು ಹೆದ್ದಾರಿಯ ಬದಿಯಲ್ಲಿ ‘ಆರ್ಗ್ಯಾನಿಕ್ ಮಂಡ್ಯ’ ಮಳಿಗೆ ತೆರೆದರು. ಸಾವಯವ ಬೆಳೆ ಹೊಸದೇನಲ್ಲ. ಮಂಡಿಯ ದಲ್ಲಾಳಿಯನ್ನು ದಾಟಿ, ಕಾರು ನಿಲ್ಲಿಸಿ ಕೊಳ್ಳುವ ಪಟ್ಟಣಿಗನ ಮುಂದೆ ಸರಕನ್ನು ಇಟ್ಟದ್ದು ಹೊಸದು. ಕೇಂದ್ರ ಸರ್ಕಾರದ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಎಂದು ಮಂಡ್ಯಕ್ಕೆ ಆರಿಸಿದ್ದೂ ಬೆಲ್ಲವನ್ನೇ. ಆಲೆಮನೆ ಸುಧಾರಣೆಗೆ ಸಾಲ, ಸಹಾಯಧನ ಸಿಗುತ್ತಿವೆ. ವಿ.ಸಿ. ಫಾರಂನ ಬೆಲ್ಲದ ಪಾರ್ಕ್ ರಾಸಾಯನಿಕವಿಲ್ಲದ ಬೆಲ್ಲ, ಜೋನಿ ಬೆಲ್ಲ, ಪುಡಿ ಬೆಲ್ಲಗಳ ತಯಾರಿಕೆಯನ್ನು ಕಲಿಸುತ್ತದೆ. ಆದರೆ ಬೆಲ್ಲ ಗಾಳಿಯ ತೇವವನ್ನು ಹೀರುವ ಸರಕು. ಮಳೆಗಾಲದಲ್ಲಿ ಬೆವರಿ ಕರಗುತ್ತದೆ, ಬಣ್ಣ ಕಪ್ಪಾಗುತ್ತದೆ, ದರ ಬೀಳುತ್ತದೆ. ತಣ್ಣನೆಯ, ತೇವವಿಲ್ಲದ ಉಗ್ರಾಣವುಳ್ಳ ವರ್ತಕ ಬೇಸಿಗೆಯಲ್ಲಿ ಕೊಂಡು ಹಬ್ಬದ ದಿನಗಳಲ್ಲಿ ಮಾರುತ್ತಾನೆ, ಆಲೆಮನೆಯವನು ಕೊಪ್ಪರಿಗೆ ಇಳಿಸಿದ ವಾರದಲ್ಲೇ ಮಾರಿ ಮುಗಿಸುತ್ತಾನೆ. ರಾಸಾಯನಿಕವಿಲ್ಲದ ಬೆಲ್ಲಕ್ಕೆ ಪಟ್ಟಣದಲ್ಲಿ ಹೆಚ್ಚು ದರ ಇದೆ ನಿಜ, ಆದರೆ ಆ ದರ ಸಿಗುವುದು ಚಿಲ್ಲರೆ ಗಿರಾಕಿ ಕೇಳುವ ದಿನಕ್ಕೆ, ತಯಾರಾದ ದಿನಕ್ಕಲ್ಲ. ಯೋಜನೆಗಳ ಹಣ ಹೆಚ್ಚಾಗಿ ಗಾಣ, ಒಲೆ, ಪ್ಯಾಕಿಂಗ್ ಯಂತ್ರಗಳ ಕಡೆಗೆ ಹರಿದು, ಆಲೆಮನೆಯವರೇ ಕೂಡಿ ಒಡೆತನ ಹೊಂದುವ ಉಗ್ರಾಣ ಮತ್ತು ದಾಸ್ತಾನಿನ ಮೇಲಿನ ಸಾಲದ ಕಡೆಗೆ ಹರಿಯದಿದ್ದರೆ, ಹೊಸ ಬೆಲ್ಲದ ಹೆಚ್ಚುವರಿ ಲಾಭ ಹೋಗುವುದು ಮಂಡಿಯ ಉಗ್ರಾಣದ ಒಡೆಯನಿಗೇ.