ಬಿಸಿಯಾದ ಕಾರು ಮತ್ತೆ ಸ್ಟಾರ್ಟ್ ಆಗದಿದ್ದರೆ ಎಂಜಿನ್ ಮೇಲೆ ತಣ್ಣೀರು ಸುರಿಯಬೇಕೆ?

ಸಾರಾಂಶ

ಘಾಟಿ ಹತ್ತಿ ಬಂದ ಕಾರನ್ನು ಚಹಾಕ್ಕೆಂದು ಹತ್ತು ನಿಮಿಷ ನಿಲ್ಲಿಸಿದರೆ ಮತ್ತೆ ಸ್ಟಾರ್ಟ್ ಆಗುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ಇದಕ್ಕೆ ‘ಬಾನೆಟ್ ತೆರೆದು ತಣ್ಣೀರು ಹಾಕಿ’ ಎನ್ನುವ ಸಲಹೆ ಆಗಾಗ ಕೇಳಿಬರುತ್ತದೆ. ಇಂದಿನ ಕಾರುಗಳಿಗೆ ಇದು ಪರಿಹಾರವಲ್ಲ, ಅಪಾಯವೂ ಹೌದು. ಕಾರು ಸ್ಟಾರ್ಟ್ ಆಗದೆ ನಿಂತಿರುವಾಗಲೇ ಕೆಲವು ಲಕ್ಷಣ ಗಮನಿಸಿಕೊಂಡರೆ ದೋಷ ಎಲ್ಲಿದೆ ಎಂದು ಬಹುಮಟ್ಟಿಗೆ ತಿಳಿಯಬಹುದು.

ಈ ಸಲಹೆ ಬಂದದ್ದು ಎಲ್ಲಿಂದ?

ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತಿತ್ತು. ಎಂಜಿನ್ ಶಾಖಕ್ಕೆ ಪೈಪಿನೊಳಗಿನ ಪೆಟ್ರೋಲ್ ಆವಿಯಾಗಿ ಗುಳ್ಳೆ ಕಟ್ಟುತ್ತಿತ್ತು, ಪಂಪು ಎಳೆದರೂ ಪೆಟ್ರೋಲ್ ಬರುತ್ತಿರಲಿಲ್ಲ. ಇದೇ ‘ವೇಪರ್ ಲಾಕ್’. ಚಾಲಕರು ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದರು, ಅದು ಕೆಲಸವನ್ನೂ ಮಾಡುತ್ತಿತ್ತು.

ಈಗಿನ ಕಾರುಗಳಲ್ಲಿ ಪಂಪು ಇರುವುದು ಟ್ಯಾಂಕಿನೊಳಗೆ. ಅದು ಪೆಟ್ರೋಲನ್ನು ಸಾಮಾನ್ಯವಾಗಿ 3 ಬಾರ್ ಆಸುಪಾಸಿನ ಒತ್ತಡದಲ್ಲಿ ಎಂಜಿನ್ ಕಡೆಗೆ ತಳ್ಳುತ್ತದೆ. ಒತ್ತಡದಲ್ಲಿರುವ ಪೆಟ್ರೋಲ್ ಸುಲಭವಾಗಿ ಆವಿಯಾಗುವುದಿಲ್ಲ. ಹಾಗಾಗಿ ವೇಪರ್ ಲಾಕ್ ಈಗ ಅಪರೂಪ.

ಆಫ್ ಮಾಡಿದ ಮೇಲೆ ಬಿಸಿ ಏರುವುದೇಕೆ?

ಎಂಜಿನ್ ನಿಂತಾಗ ಕೂಲೆಂಟ್ ಹರಿಯುವುದೂ ನಿಲ್ಲುತ್ತದೆ, ಎದುರುಗಾಳಿಯೂ ಇರುವುದಿಲ್ಲ. ಒಳಗಿನ ಶಾಖವೆಲ್ಲ ಸುತ್ತಲಿನ ವೈರು, ಸೆನ್ಸರ್, ಸ್ಟಾರ್ಟರ್ ಮೋಟಾರಿಗೆ ಹರಡುತ್ತದೆ. ಆದ್ದರಿಂದ ಮೊದಲ ಕೆಲವು ನಿಮಿಷ ಬಾನೆಟ್ ಕೆಳಗಿನ ಬಿಸಿ ಇಳಿಯುವ ಬದಲು ಏರುತ್ತದೆ. ಸವೆದ ಬಿಡಿಭಾಗ ಕೈಕೊಡುವುದು ಆಗಲೇ.

ಗಮನಿಸಬೇಕಾದ ಲಕ್ಷಣಗಳು

ಮೊದಲು ಟೆಂಪರೇಚರ್ ಸೂಚಕ ನೋಡಿ. ಮುಳ್ಳು ಕೆಂಪು ಗೆರೆ ಮುಟ್ಟಿದ್ದರೆ ಅಥವಾ ಕೆಂಪು ದೀಪ ಉರಿಯುತ್ತಿದ್ದರೆ ಸ್ಟಾರ್ಟ್ ಮಾಡುವ ಪ್ರಯತ್ನವನ್ನೇ ಬಿಡಿ. ಅದು ಓವರ್‌ಹೀಟ್, ಬೇರೆಯದೇ ಸಮಸ್ಯೆ. ಸೂಚಕ ಮಾಮೂಲಿಯಾಗಿದ್ದರೆ ಮುಂದೆ ನೋಡಿ.

1. ಕೀ ತಿರುಗಿಸಿದಾಗ ‘ಟಕ್’ ಎಂದಷ್ಟೇ ಸದ್ದು, ಅಥವಾ ಎಂಜಿನ್ ಬಲು ನಿಧಾನವಾಗಿ ತಿರುಗುತ್ತದೆ: ಬ್ಯಾಟರಿ, ಅದರ ಟರ್ಮಿನಲ್, ಅರ್ತ್ ವೈರು ಅಥವಾ ಸ್ಟಾರ್ಟರ್ ಮೋಟಾರ್ ಮೇಲೆ ಅನುಮಾನ. ತಾಮ್ರದ ತಂತಿ 30 ಡಿಗ್ರಿಯಿಂದ 100 ಡಿಗ್ರಿಗೆ ಬಿಸಿಯಾದರೆ ಅದರ ವಿದ್ಯುತ್ ರೋಧ ಸುಮಾರು ಕಾಲು ಭಾಗ ಹೆಚ್ಚುತ್ತದೆ. ಹಳೆಯ ಸ್ಟಾರ್ಟರ್‌ಗೆ ಅಷ್ಟೇ ಸಾಕು.

2. ಎಂಜಿನ್ ಚೆನ್ನಾಗಿ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ, ಆರ್‌ಪಿಎಂ ಮುಳ್ಳೂ ಅಲುಗಾಡುವುದಿಲ್ಲ: ಅನೇಕ ಕಾರುಗಳಲ್ಲಿ ಇದು ಕ್ರ್ಯಾಂಕ್ ಸೆನ್ಸರ್ ಕೆಟ್ಟಿರುವ ಸುಳಿವು. ಎಂಜಿನ್ ತಿರುಗುತ್ತಿದೆ ಎಂಬ ಮಾಹಿತಿ ಇಸಿಯುಗೆ ಸಿಗದಿದ್ದರೆ ಕಿಡಿಯೂ ಇಲ್ಲ, ಪೆಟ್ರೋಲೂ ಇಲ್ಲ. ಬಿಸಿಯಾದಾಗ ಮಾತ್ರ ಕೆಡುವ ಭಾಗಗಳಲ್ಲಿ ಇದು ಮುಖ್ಯವಾದದ್ದು.

3. ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಒಂದೆರಡು ಸೆಕೆಂಡ್ ಬರಬೇಕಾದ ಗುಂಯ್ ಸದ್ದು ಬರುವುದಿಲ್ಲ: ಪೆಟ್ರೋಲ್ ಪಂಪು ಅಥವಾ ಅದರ ರಿಲೇ ನೋಡಿಸಿ. ಕೀಯನ್ನು ಎರಡು ಮೂರು ಸಲ ಆನ್-ಆಫ್ ಮಾಡಿದ ಮೇಲೆ ಕಾರು ಹತ್ತಿಕೊಂಡರೆ ಪಂಪು ಓಡುತ್ತಿದೆ, ಆದರೆ ಪೈಪಿನಲ್ಲಿ ಒತ್ತಡ ನಿಲ್ಲುತ್ತಿಲ್ಲ ಎಂದರ್ಥ.

4. ಪೆಟ್ರೋಲ್ ವಾಸನೆ, ಸ್ಟಾರ್ಟ್ ಆದರೆ ಕಪ್ಪು ಹೊಗೆ: ಇಂಜೆಕ್ಟರ್ ಸೋರುತ್ತಿರಬಹುದು. ಅಥವಾ ಕೂಲೆಂಟ್ ಸೆನ್ಸರ್ ಕೆಟ್ಟು, ಎಂಜಿನ್ ತಣ್ಣಗಿದೆ ಎಂದು ತಿಳಿದ ಇಸಿಯು ಹೆಚ್ಚು ಪೆಟ್ರೋಲ್ ಬಿಡುತ್ತಿರಬಹುದು. ವಾಸನೆ ಜೋರಾಗಿದ್ದರೆ, ಕೆಳಗೆ ತೊಟ್ಟಿಕ್ಕುತ್ತಿದ್ದರೆ ಎಲ್ಲರನ್ನೂ ಇಳಿಸಿ ದೂರ ನಿಲ್ಲಿ.

ಇವನ್ನು ಮಾತ್ರ ಮಾಡಬೇಡಿ

• ಬಿಸಿ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಒಳಗಿನ ನೀರು ಒತ್ತಡದಿಂದಾಗಿ 100 ಡಿಗ್ರಿ ಮೀರಿಯೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲವಾದ ಕ್ಷಣ ಆವಿಯಾಗಿ ಮುಖ, ಕೈಗೆ ಚಿಮ್ಮುತ್ತದೆ. ಸುಟ್ಟ ಗಾಯವಾದರೆ ಹರಿಯುವ ನೀರನ್ನು 20 ನಿಮಿಷ ಬಿಟ್ಟು ಆಸ್ಪತ್ರೆಗೆ ಹೋಗಿ, ಟೂತ್‌ಪೇಸ್ಟ್ ಹಚ್ಚಬೇಡಿ.
• ಎಂಜಿನ್ ಮೇಲೆ ತಣ್ಣೀರು ಸುರಿಯಬೇಡಿ. ಕಾದ ಲೋಹ ದಿಢೀರನೆ ತಣ್ಣಗಾದರೆ ಬಿರುಕು ಬಿಡಬಹುದು, ವೈರಿಂಗ್ ಒದ್ದೆಯಾಗಿ ಇನ್ನೊಂದು ದೋಷ ಸೇರಿಕೊಳ್ಳಬಹುದು.
• ಇಳಿಜಾರಿನಲ್ಲಿ ಎಂಜಿನ್ ಆಫ್ ಇಟ್ಟು ಕಾರು ಉರುಳಿಸಬೇಡಿ. ಎರಡು ಮೂರು ಸಲ ಬ್ರೇಕ್ ಒತ್ತಿದ ಮೇಲೆ ಪೆಡಲ್ ಕಲ್ಲಿನಂತಾಗುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ. ಘಾಟಿಯಲ್ಲಿ ಇದು ಪ್ರಾಣಕ್ಕೇ ಕುತ್ತು.
• ಸತತವಾಗಿ ಸ್ಟಾರ್ಟರ್ ಒತ್ತಬೇಡಿ. ಒಮ್ಮೆಗೆ 10 ಸೆಕೆಂಡ್ ಸಾಕು, ನಡುವೆ ಒಂದು ನಿಮಿಷ ಬಿಡುವು ಕೊಡಿ.

ಮೆಕ್ಯಾನಿಕ್‌ಗೆ ಏನು ತೋರಿಸಬೇಕು?

ಗ್ಯಾರೇಜ್ ತಲುಪುವಷ್ಟರಲ್ಲಿ ಕಾರು ತಣ್ಣಗಾಗಿ ಸರಾಗವಾಗಿ ಸ್ಟಾರ್ಟ್ ಆಗುತ್ತದೆ. ಆಗ ಊಹೆಯ ಮೇಲೆ ಒಂದೊಂದೇ ಭಾಗ ಬದಲಾಗುತ್ತದೆ, ಖರ್ಚು ಬೆಳೆಯುತ್ತದೆ, ದೋಷ ಉಳಿಯುತ್ತದೆ. ಅದರ ಬದಲು ಕಾರನ್ನು ರಸ್ತೆ ಬದಿಗೆ ಸರಿಸಿ, ಹಜಾರ್ಡ್ ದೀಪ ಹಾಕಿ, ಸ್ಟಾರ್ಟ್ ಮಾಡುವಾಗಿನ ಡ್ಯಾಶ್‌ಬೋರ್ಡನ್ನು ಸದ್ದಿನ ಸಮೇತ ಮೊಬೈಲ್‌ನಲ್ಲಿ ವಿಡಿಯೋ ಮಾಡಿಕೊಳ್ಳಿ. ಎಷ್ಟು ಹೊತ್ತು ಬಿಟ್ಟ ಮೇಲೆ ಸ್ಟಾರ್ಟ್ ಆಯಿತು ಎಂಬುದನ್ನೂ ಬರೆದಿಡಿ. ಕಾರು ಬಿಸಿಯಾಗಿರುವಾಗಲೇ ಸ್ಕ್ಯಾನರ್ ಹಾಕಿ ಪರೀಕ್ಷಿಸುವಂತೆ ಮೆಕ್ಯಾನಿಕ್‌ಗೆ ಹೇಳಿ.

ಕೊನೆಯದಾಗಿ

ತಣ್ಣಗಾದ ಮೇಲೆ ಸ್ಟಾರ್ಟ್ ಆಯಿತು ಎಂದರೆ ದೋಷ ಸರಿಹೋಯಿತು ಎಂದಲ್ಲ. ಕ್ರ್ಯಾಂಕ್ ಸೆನ್ಸರಿನಂಥ ಭಾಗ ಓಡುತ್ತಿರುವಾಗಲೂ ಕೈಕೊಟ್ಟು ಎಂಜಿನ್ ನಿಲ್ಲಿಸಬಹುದು. ಮುಂದಿನ ಪ್ರಯಾಣಕ್ಕೆ ಮೊದಲು ರಿಪೇರಿ ಮಾಡಿಸಿ. ‘ತಣ್ಣೀರು ಹಾಕಿ’ ಎನ್ನುವ ಸಂದೇಶ ನಿಮ್ಮ ಗುಂಪಿಗೆ ಬಂದರೆ ಮುಂದೆ ಕಳಿಸಬೇಡಿ.