ಹುಟ್ಟು ಹಿಡಿದವರು, ಸರ್ಟಿಫಿಕೇಟ್ ಹಿಡಿದವರು

ಕೊಂಢವಾದಲ್ಲಿ ಕೂತು ಕಡಲಿನ ದೋಣಿಯ ಬಗ್ಗೆ ಬರೆಯುವುದು ಸ್ವಲ್ಪ ತಮಾಷೆಯೇ. ಬೇಸಿಗೆ ಬಂದರೆ ನೀರಿನ ಟ್ಯಾಂಕರ್ ಬಂತೇ ಎಂದು ಬಾಲ್ಕನಿಯಿಂದ ಇಣುಕುವವರು ನಾವು. ಕಡಲು ನೋಡಬೇಕೆಂದರೆ ಘಾಟಿ ಇಳಿದು ಕೊಂಕಣಕ್ಕೇ ಹೋಗಬೇಕು. ಆದರೂ ಕಳೆದ ಚಳಿಗಾಲದ ಒಂದು ಭಾನುವಾರ ಏಳೆಂಟು ಮಂದಿ ಕನ್ನಡದವರು ಸೇರಿ ಅಣೆಕಟ್ಟೊಂದರ ಹಿನ್ನೀರಿಗೆ ಕಯಾಕ್ ನಡೆಸಲು ಹೋಗಿದ್ದೆವು. ಕಲಿಸುವ ಹುಡುಗನಿಗೆ ಇಪ್ಪತ್ತೆರಡು ಇರಬಹುದು. ನಮ್ಮಲ್ಲೊಬ್ಬರು, ಆಫೀಸಿನಲ್ಲಿ ಆಡಿಟ್ ಮಾಡಿ ಅಭ್ಯಾಸವಾದವರು, "ನಿನ್ನ ಹತ್ತಿರ ಸರ್ಟಿಫಿಕೇಟ್ ಇದೆಯೇನಪ್ಪಾ?" ಎಂದು ಹಿಂದಿಯಲ್ಲಿ ಕೇಳಿದರು. ಅವನು ನಕ್ಕು, "ನಮ್ಮಪ್ಪ ನಾವಾಡಿ, ಕಾಕಾ" ಎಂದ. ನಾವಾಡಿ ಅಂದರೆ ಮರಾಠಿಯಲ್ಲಿ ಅಂಬಿಗ. ಕೇಳಿದ ಪ್ರಶ್ನೆಗೆ ಅದು ಉತ್ತರ ಹೌದೋ ಅಲ್ಲವೋ ಎಂಬ ಜಗಳ ವಾಪಸು ಬರುವಾಗ ಕಾತ್ರಜ್ ತನಕ ನಡೆಯಿತು. ನನಗೆ ಇನ್ನೂ ಮುಗಿದಿಲ್ಲ.

ಕಯಾಕ್ ಮೊದಲು ಆಟದ ಸಾಮಾನಾಗಿರಲಿಲ್ಲ. ಗ್ರೀನ್‌ಲ್ಯಾಂಡಿನ ಇನುಯಿಟ್ ಜನ ಸೀಲ್ ಬೇಟೆಗೆ ಮಾಡಿಕೊಂಡ ದೋಣಿ ಅದು. ಅಲ್ಲಿ ದೋಣಿ ಕಟ್ಟುವಷ್ಟು ಮರವೇ ಇಲ್ಲ. ಕಡಲಲ್ಲಿ ತೇಲಿಬಂದ ಕಟ್ಟಿಗೆಯಿಂದ ಚೌಕಟ್ಟು ಕಟ್ಟಿ, ಅದರ ಮೇಲೆ ಸೀಲ್ ಚರ್ಮ ಬಿಗಿದು, ಬೇಟೆಗಾರನ ಮೈ ಅಳತೆಗೆ ಸರಿಯಾಗಿ ಮಾಡುತ್ತಿದ್ದರು. ಚರ್ಮ ಹೊಲಿಯುವುದು ಹೆಂಗಸರ ಕೆಲಸ. ಹೊಲಿಗೆ ಬಿಟ್ಟರೆ ಗಂಡ ವಾಪಸು ಬರುವುದಿಲ್ಲ.

ಇದನ್ನು ಓದುವಾಗ ನನಗೆ ನೆನಪಾದದ್ದು ಹಂಪಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ತುಂಗಭದ್ರೆ ದಾಟುವ ದೋಣಿಗಳನ್ನು ನೋಡಿ ಬೆರಗಾಗಿ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನ ಕೂರಬಹುದು, ಹುಟ್ಟು ಹಾಕಿದಂತೆಲ್ಲ ಗಿರಗಿರ ತಿರುಗುತ್ತದೆ. ನಮ್ಮ ಹರಿಗೋಲೇ ಅದು. ಚರ್ಮ ಹೋಗಿ ಈಗ ಪ್ಲಾಸ್ಟಿಕ್ ಹಾಳೆ ಬಂದಿದೆ, ತಿರುಗುವುದು ಮಾತ್ರ ನಿಂತಿಲ್ಲ. ಎಲ್ಲಿಯ ಆರ್ಕ್ಟಿಕ್, ಎಲ್ಲಿಯ ಆನೆಗೊಂದಿ! ಮರ ಕಡಿಮೆ ಬಳಸಿ, ಹಗುರಾದ ಹಂದರಕ್ಕೆ ಚರ್ಮ ಹೊದಿಸುವ ಯೋಚನೆ ಎರಡೂ ಕಡೆ ಬಂದಿದೆ.

ಅದನ್ನು ನಡೆಸುವ ವಿದ್ಯೆಗೂ ನಮ್ಮಲ್ಲಿ ಶಾಲೆ ಇರಲಿಲ್ಲ. ಅಪ್ಪನಿಂದ ಮಗನಿಗೆ, ಮಾವನಿಂದ ಅಳಿಯನಿಗೆ ಬಂತು. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ತನ್ನ ಕಸುಬನ್ನೂ ಹೆಸರನ್ನೂ ಸೇರಿಸಿಯೇ ವಚನಗಳ ಅಂಕಿತ ಮಾಡಿಕೊಂಡ; ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಯ ಮೇಲೆ ಅವನ ಹೆಸರಿನ ಚೌಡಯ್ಯದಾನಪುರ ಈಗಲೂ ಇದೆ. ಕಸುಬಿನ ಬಗ್ಗೆ ಅವನಿಗೆ ನಾಚಿಕೆ ಇರಲಿಲ್ಲ. ನಾಚಿಕೆ ಆಮೇಲೆ ಬಂದದ್ದು, ಸೇತುವೆ ಬಂದ ಮೇಲೆ.

ಪುಣೆಯಲ್ಲಿ ದೋಣಿ ಆಟವಾದದ್ದು ಒಂದು ಒಡ್ಡಿನಿಂದ. ಜಮ್‌ಶೇಟ್‌ಜೀ ಜೀಜೀಭಾಯ್ ಅವರ ದೊಡ್ಡ ದೇಣಿಗೆಯಿಂದ ಮುಳಾ-ಮುಠಾಗೆ ಅಡ್ಡಲಾಗಿ 1850ರ ಹೊತ್ತಿಗೆ ಒಡ್ಡು ಎದ್ದಿತು. ಬಂಡ್ ಗಾರ್ಡನ್ ಎಂಬ ಹೆಸರು ಅದರದೇ. ಉದ್ದೇಶ ದಂಡಿನ ಕುಡಿಯುವ ನೀರು. ಜೊತೆಗೆ ಸಿಕ್ಕಿದ್ದು ವರ್ಷವಿಡೀ ನಿಂತ ನೀರು. ಬ್ರಿಟಿಷ್ ಅಧಿಕಾರಿಗಳು ಸುಮ್ಮನಿರುತ್ತಾರೆಯೇ? 1868ರಲ್ಲಿ ಬೋಟ್ ಕ್ಲಬ್ ಆಯಿತು. ಇವತ್ತಿನ ಬೋಟ್ ಕ್ಲಬ್ ರೋಡ್‌ನ ಫ್ಲ್ಯಾಟ್ ದರ ಕೇಳಿ ಎದೆ ಹಿಡಿದುಕೊಂಡವರು ಆ ಕ್ಲಬ್ಬನ್ನೂ ಒಮ್ಮೆ ನೆನೆಯಬಹುದು. ಸಂಗಮದ ಬಳಿಯ ಎಂಜಿನಿಯರಿಂಗ್ ಕಾಲೇಜಿನ ಹುಡುಗರ ‘ರೆಗಾಟಾ’ 1928ರಿಂದ ಬಂದ ಸಂಪ್ರದಾಯ. ಸಾಲಾಗಿ ಕಯಾಕ್‌ಗಳು, ದೋಣಿಗಳ ಮೇಲೆ ಪಂಜಿನ ಕುಣಿತ, ಎಲ್ಲವೂ ವಿದ್ಯಾರ್ಥಿಗಳದ್ದೇ. ಹಿರಿಯರು ಕಿರಿಯರಿಗೆ ಕಲಿಸುವುದು. ನದಿಯ ಈಗಿನ ವಾಸನೆಯ ಬಗ್ಗೆ ನಾನೇನೂ ಹೇಳುವುದಿಲ್ಲ.

ನಮ್ಮ ವಿಶ್ವೇಶ್ವರಯ್ಯನವರು ಓದಿದ್ದು ಅದೇ ಕಾಲೇಜಿನಲ್ಲಿ, ಅವರ ಕಾಲಕ್ಕೆ ಅದು ಕಾಲೇಜ್ ಆಫ್ ಸೈನ್ಸ್. ಪುಣೆಗೆ ವಲಸೆ ಬಂದ ಕನ್ನಡಿಗರ ಪಟ್ಟಿಯಲ್ಲಿ ನಮ್ಮೆಲ್ಲರ ಹಿರಿಯಣ್ಣ. 1883ರಲ್ಲಿ ಎಂಜಿನಿಯರಿಂಗ್ ಪರೀಕ್ಷೆ ಮುಗಿಸಿದರು. 1903ರಲ್ಲಿ ಖಡಕ್‌ವಾಸ್ಲಾ ಅಣೆಕಟ್ಟಿಗೆ ಅವರ ಸ್ವಯಂಚಾಲಿತ ಗೇಟುಗಳು ಕೂತವು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವ ಉಪಾಯ ಅದು. 1961ರಲ್ಲಿ ಪಾನಶೇತ್ ಒಡೆದಾಗ ಈ ಕಟ್ಟೆಯೂ ಒಡೆಯಿತು, ಮತ್ತೆ ಕಟ್ಟಿದರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಕೆಡೆಟ್‌ಗಳು ನೀರಿನ ತರಬೇತಿ ಪಡೆಯುವುದು ಇದೇ ಜಲಾಶಯದಲ್ಲಿ.

ಇನ್ನು ಯುರೋಪಿನ ಕಥೆ. ಕಯಾಕ್ ಮಗುಚಿದಾಗ ಒಳಗೆ ಕೂತ ಹಾಗೆಯೇ ಹುಟ್ಟಿನ ಬಲದಿಂದ ಮತ್ತೆ ಮೇಲೇಳುವುದೇ ‘ರೋಲ್’. ಗ್ರೀನ್‌ಲ್ಯಾಂಡಿನ ಬೇಟೆಗಾರರಿಗೆ ಇದು ಜೀವ ಉಳಿಸುವ ವಿದ್ಯೆ. ಆ ಚಳಿನೀರಲ್ಲಿ ಈಜುತ್ತೇನೆಂದರೆ ನಡೆಯುವುದಿಲ್ಲ. ಆಸ್ಟ್ರಿಯಾದ ಹಾನ್ಸ್ ಪಾವ್ಲಾಟಾ ಪುಸ್ತಕಗಳಲ್ಲಿ ಓದಿಯೇ 1927ರಲ್ಲಿ ಇದನ್ನು ಸಾಧಿಸಿದ. ಇಂಗ್ಲೆಂಡಿನ ಜಿನೋ ವಾಟ್ಕಿನ್ಸ್ 1930-31ರಲ್ಲಿ ಅಲ್ಲಿಗೇ ಹೋಗಿ, ಅಲ್ಲಿಯವರಿಂದಲೇ ಕಲಿತ. 1932ರ ಆಗಸ್ಟ್‌ನಲ್ಲಿ ಒಬ್ಬನೇ ಸೀಲ್ ಬೇಟೆಗೆ ಹೋದವನು ಮರಳಲಿಲ್ಲ. ಕಯಾಕ್ ಸಿಕ್ಕಿತು, ದೇಹ ಸಿಗಲಿಲ್ಲ. ವಯಸ್ಸು 25. ಗುರುಗಳೂ ಒಳ್ಳೆಯವರು, ಶಿಷ್ಯನೂ ಜಾಣ, ಆದರೂ ಹೀಗಾಯಿತು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಕಯಾಕ್ ಪದಕದ ಸ್ಪರ್ಧೆಯಾಯಿತು, ಅದೇ ವರ್ಷ ಬ್ರಿಟನ್ನಿನಲ್ಲಿ ಕನೂ ಯೂನಿಯನ್ ಹುಟ್ಟಿತು. ಮುಂದೆ ಅದು ಒಂದರಿಂದ ಐದು ಸ್ಟಾರ್‌ಗಳ ಪರೀಕ್ಷೆ, ಕೋಚ್‌ಗಳ ಹಂತ ಎಂದೆಲ್ಲ ಮೆಟ್ಟಿಲು ಕಟ್ಟಿತು.

ಈ ಕಾಗದಗಳ ಮೇಲೆ ಮೊದಲು ನನಗೂ ಅಷ್ಟಾಗಿ ಗೌರವವಿರಲಿಲ್ಲ. 1993ರ ಮಾರ್ಚ್ 22ರಂದು ಇಂಗ್ಲೆಂಡಿನ ಲೈಮ್ ಕೊಲ್ಲಿಯಲ್ಲಿ ನಡೆದದ್ದನ್ನು ಓದಿದ ಮೇಲೆ ಅಭಿಪ್ರಾಯ ಬದಲಾಯಿತು. ಪ್ಲಿಮತ್‌ನ ಶಾಲೆಯೊಂದರ ಎಂಟು ಮಕ್ಕಳು, ಒಬ್ಬ ಮೇಷ್ಟ್ರು, ಸಾಹಸ ಕೇಂದ್ರದ ಇಬ್ಬರು ತರಬೇತುದಾರರು ಕಯಾಕ್‌ಗಳಲ್ಲಿ ಹೊರಟರು. ಹೋಗಬೇಕಾದದ್ದು ಕರಾವಳಿಗುಂಟ ಸುಮಾರು ಎರಡು ಮೈಲಿ. ಹೊರಟ ಸ್ವಲ್ಪ ಹೊತ್ತಿಗೇ ಮೇಷ್ಟ್ರ ದೋಣಿ ಮತ್ತೆ ಮತ್ತೆ ಮಗುಚಿತು. ಒಬ್ಬ ತರಬೇತುದಾರ ಅವರ ಜೊತೆ ನಿಂತ. ಇನ್ನೊಬ್ಬರು ಮಕ್ಕಳ ದೋಣಿಗಳನ್ನೆಲ್ಲ ಒತ್ತಟ್ಟಿಗೆ ಸೇರಿಸಿ ಹಿಡಿದುಕೊಂಡರು. ನೆಲದ ಕಡೆಯಿಂದ ಬೀಸುವ ಗಾಳಿ ಆ ಗುಂಪನ್ನು ಕಡಲೊಳಕ್ಕೆ ತಳ್ಳುತ್ತ ಹೋಯಿತು. ಸಂಕೇತ ಕೊಡಲು ಬಾಣ-ಬಿರುಸು ಇರಲಿಲ್ಲ. ದಡದಲ್ಲಿದ್ದವರು ಕರಾವಳಿ ಕಾವಲಿನವರಿಗೆ ತಿಳಿಸುವ ಹೊತ್ತಿಗೆ ಗಂಟೆಗಳೇ ಕಳೆದಿದ್ದವು. ನಾಲ್ಕು ಮಕ್ಕಳು ತೀರಿಹೋದರು. ವಿಚಾರಣೆಯಲ್ಲಿ ಹೊರಬಂದದ್ದು: ತರಬೇತುದಾರರಿಬ್ಬರ ಬಳಿ ಇದ್ದದ್ದು ತೀರಾ ಆರಂಭದ ಅರ್ಹತೆ. ಸುರಕ್ಷತೆ ಸಾಲದೆಂದು ಅಲ್ಲಿಯೇ ಕೆಲಸ ಮಾಡಿ ಬಿಟ್ಟಿದ್ದವರು ಹಿಂದಿನ ವರ್ಷವೇ ಪತ್ರ ಬರೆದಿದ್ದರು. ಕಂಪನಿಗೂ ಅದರ ಮುಖ್ಯಸ್ಥನಿಗೂ ಶಿಕ್ಷೆಯಾಯಿತು. 1995ರಲ್ಲಿ ಸಾಹಸ ಕೇಂದ್ರಗಳಿಗೆ ಪರವಾನಗಿ ಕಡ್ಡಾಯ ಮಾಡುವ ಕಾನೂನು ಬಂತು.

ಗಮನಿಸಿ, ಅಲ್ಲಿ ಬೇಕಾಗಿದ್ದದ್ದು ಹುಟ್ಟು ಹಾಕುವ ಚಾಕಚಕ್ಯತೆ ಅಲ್ಲ. ಈವತ್ತು ಹೋಗುವುದು ಬೇಡ ಎನ್ನುವ ತಿಳಿವಳಿಕೆ. ಒಳ್ಳೆಯ ಕೋಚಿಂಗ್ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಈ ತಿಳಿವಳಿಕೆಗೇ ಇರಬೇಕು ಎಂಬುದು ನನ್ನ ಪಕ್ಷ. ನಮ್ಮ ಪಡುಗಡಲಿನ ಮೀನುಗಾರರಿಗೆ ಅದು ಬಾಯಿಪಾಠ: ಬೆಳಗಿನ ಜಾವ ನೆಲದಿಂದ ಗಾಳಿ, ಮಧ್ಯಾಹ್ನ ತಿರುಗಿ ಕಡಲಿಂದ. ಯಾವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಸೆಳೆತ ಎಂದು ಮೊಗವೀರರ, ಖಾರ್ವಿಗಳ ಮನೆಯ ಹುಡುಗರನ್ನು ಕೇಳಿದರೆ ಹೇಳುತ್ತಾರೆ.

ಭಾರತದಲ್ಲಿ ಕಯಾಕಿಂಗ್ ಸಂಘ 1985ರಲ್ಲಿ ಬಂತು. ಅದರ ಗಮನವೆಲ್ಲ ನಿಂತ ನೀರಿನ ಓಟದ ಮೇಲೆ, ಪದಕದ ಮೇಲೆ. 1990ರಲ್ಲಿ ಗೋವಾದಲ್ಲಿ ಕೇಂದ್ರ ಸರ್ಕಾರದ ಜಲಕ್ರೀಡಾ ಸಂಸ್ಥೆ ಶುರುವಾಗಿ ಜೀವರಕ್ಷಣೆ, ಮೋಟಾರು ದೋಣಿ ನಡೆಸುವುದು ಇತ್ಯಾದಿಗಳಿಗೆ ತರಬೇತಿ ಕೊಡುತ್ತಿದೆ. ಕರ್ನಾಟಕದಲ್ಲಿ ಜನರಲ್ ತಿಮ್ಮಯ್ಯ ಅವರ ಹೆಸರಿನ ಸಾಹಸ ಅಕಾಡೆಮಿ ಇದೆ. ಕಡಲಿನ ಹಲಗೆಯಾಟಕ್ಕೆ ಮೂಲ್ಕಿ ದಾರಿ ತೋರಿಸಿತು. 2004ರಲ್ಲಿ ಅಲ್ಲಿ ಶುರುವಾದ ಸರ್ಫ್ ಕ್ಲಬ್ಬಿನ ಸುತ್ತ ಊರಿನ ಮಕ್ಕಳೇ ಕಲಿತು, ಕಲಿಸುವವರೂ ಆದರು. ಪಕ್ಕದ ಸಸಿಹಿತ್ಲುವಿನಲ್ಲಿ 2024ರ ಮಾರ್ಚ್‌ನಲ್ಲಿ ನಿಂತು ಹುಟ್ಟು ಹಾಕುವ ಹಲಗೆಯ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. ಸಾಲಿಗ್ರಾಮದ ಬಳಿ ಸೀತಾನದಿಯ ಕಾಂಡ್ಲಾ ಕಾಡಿನ ನಡುವೆ ಈಗ ಪ್ರವಾಸಿಗರು ಕಯಾಕ್‌ನಲ್ಲಿ ಓಡಾಡುತ್ತಾರೆ.

ಗ್ರೀನ್‌ಲ್ಯಾಂಡಿನ ಕಥೆ ಮಾತ್ರ ಉಳಿಯಿತು. ಮೋಟಾರು ದೋಣಿ ಬಂದ ಮೇಲೆ ಅಲ್ಲಿಯವರೇ ಕಯಾಕ್ ಬಿಟ್ಟಿದ್ದರು. ಯುರೋಪ್, ಅಮೆರಿಕದಲ್ಲಿ ಶುಲ್ಕ ಕೊಟ್ಟು ರೋಲ್ ಕಲಿಯುತ್ತಿದ್ದ ದಿನಗಳಲ್ಲಿ, ಅದು ಹುಟ್ಟಿದ ಊರಿನಲ್ಲಿ ಬಲ್ಲವರು ಕೆಲವೇ ಮುದುಕರು. ಎಂಬತ್ತರ ದಶಕದಲ್ಲಿ ನೂಕ್ ಪಟ್ಟಣದ ಹರೆಯದವರು ಆ ಮುದುಕರ ಬಳಿ ಹೋಗಿ ಕೂತರು. 1985ರಲ್ಲಿ ತಮ್ಮದೇ ಕಯಾಕ್ ಸಂಘ ಕಟ್ಟಿದರು. ಅವರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಕೈಯಲ್ಲಿ ಹುಟ್ಟಿಲ್ಲದೆ ಇಟ್ಟಿಗೆ ಹಿಡಿದು ಮೇಲೇಳುವ ರೋಲ್ ಕೂಡ ಒಂದು. ಹೊರಗಿನವರು ಈಗ ಅಲ್ಲಿಗೆ ಹೋಗಿ, ಅವರ ನಿಯಮದ ಪ್ರಕಾರ ಪರೀಕ್ಷೆ ಕೊಡುತ್ತಾರೆ.

ಹಿನ್ನೀರಿನ ಆ ಹುಡುಗ ಮಳೆಗಾಲ ಮುಗಿದ ಮೇಲೆ ಜೀವರಕ್ಷಕ ತರಬೇತಿಗೆ ಸೇರುತ್ತಾನಂತೆ. ಅರ್ಜಿ ಇಂಗ್ಲಿಷಿನಲ್ಲಿತ್ತು. ಸರ್ಟಿಫಿಕೇಟ್ ಕೇಳಿದ್ದ ನಮ್ಮ ಆಡಿಟ್ ಮಿತ್ರರೇ ಕೂತು ತುಂಬಿಕೊಟ್ಟರು. ಎಷ್ಟು ವರ್ಷದ ಅನುಭವ ಎಂಬ ಕಾಲಂ ಬಂದಾಗ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, "ಅಪ್ಪನದೂ ಸೇರಿಸಬೇಕಾ, ಕಾಕಾ?" ಎಂದು ಕೇಳಿದ.