ಎರಡು ಸೂರ್ಯೋದಯಗಳ ಹಾದಿ

ಭೂಪಟವು ದೂರವನ್ನು ಮೈಲಿಗಳಲ್ಲಿ ಹೇಳುತ್ತದೆ. ಪ್ರಯಾಣಿಕನಾದರೋ ಗಂಟೆಗಳಲ್ಲಿ ಎಣಿಸುತ್ತಾನೆ. ಆ ಗಂಟೆಗಳ ಬೆಲೆ ಎಂಥದೆಂದು ತಿಳಿಯಬೇಕಾದರೆ ನೀವು ಹಿಂದೂ ಮಹಾಸಾಗರದ ಎರಡು ದಡಗಳನ್ನು ನೋಡಬೇಕು. ಒಂದೆಡೆ ಪಶ್ಚಿಮ ಆಸ್ಟ್ರೇಲಿಯದ ಪರ್ತ್ ನಗರದ ಸ್ವಾನ್ ನದಿ. ಇನ್ನೊಂದೆಡೆ ಶ್ರೀಲಂಕೆಯ ಗಾಲೆ ಪಟ್ಟಣದ ಬಳಿಯ ಕೊಗ್ಗಲ ಸರೋವರ. ನಡುವೆ ಸುಮಾರು 3,500 ಮೈಲಿ, ಎಂದರೆ 5,600 ಕಿಲೋಮೀಟರಿಗೂ ಮಿಕ್ಕಿದ ಸಮುದ್ರ.

1938ರಿಂದ ಸಿಡ್ನಿಗೂ ಇಂಗ್ಲೆಂಡಿಗೂ ನಡುವೆ ಹಾರುದೋಣಿಗಳು ಸಿಂಗಪುರ, ಕಲ್ಕತ್ತ, ಕರಾಚಿಗಳಲ್ಲಿ ಇಳಿಯುತ್ತ ಏರುತ್ತ ಸಂಚರಿಸುತ್ತಿದ್ದುವು. 1942ರ ಫೆಬ್ರವರಿ 15ರಂದು ಸಿಂಗಪುರವು ಜಪಾನೀಯರ ವಶವಾಯಿತು. ಆ ಹಾದಿ ಕಡಿದುಹೋಯಿತು. ಉಳಿದುದು ಒಂದೇ ಉಪಾಯ: ಎಲ್ಲಿಯೂ ನಿಲ್ಲದೆ ಸಾಗರವನ್ನು ಒಂದೇ ಹಾರಾಟದಲ್ಲಿ ದಾಟುವುದು.

1943ರ ಮಧ್ಯಭಾಗದಲ್ಲಿ ಕ್ವಾಂಟಾಸ್ ಸಂಸ್ಥೆಯು ಐದು ಕ್ಯಾಟಲೀನಾ ಹಾರುದೋಣಿಗಳಿಂದ ಈ ಕಾರ್ಯವನ್ನು ಆರಂಭಿಸಿತು. ನೀರಿನಿಂದಲೇ ಏರಿ ನೀರಿಗೇ ಇಳಿಯುವ ಈ ವಿಮಾನಗಳ ವೇಗ ಗಂಟೆಗೆ ಸುಮಾರು 125 ಮೈಲಿ. ಲೆಕ್ಕ ಹಾಕಿ ನೋಡಿ: 28 ಗಂಟೆ! ಎದುರುಗಾಳಿ ಬೀಸಿದರೆ ಅದಕ್ಕೂ ಹೆಚ್ಚು. ಒಮ್ಮೆ 32 ಗಂಟೆ 9 ನಿಮಿಷ ಹಿಡಿಯಿತು. ಅಷ್ಟು ಹೊತ್ತಿಗೆ ಬೇಕಾದ ಪೆಟ್ರೋಲನ್ನು ತುಂಬಿದ ಮೇಲೆ ಉಳಿದ ಜಾಗ ಮೂವರು ಪ್ರಯಾಣಿಕರಿಗೆ ಮತ್ತು ಸುಮಾರು 69 ಕಿಲೋ ಅಂಚೆಗೆ ಮಾತ್ರ. ಆಯುಧವಿಲ್ಲ. ಹೊರಟ ಮೊದಲ ಗಂಟೆಗಳಲ್ಲಿ ಎರಡು ಎಂಜಿನುಗಳಲ್ಲಿ ಒಂದು ಕೆಟ್ಟರೂ ಅಷ್ಟು ಭಾರವನ್ನು ಹೊತ್ತು ಮೇಲೆ ನಿಲ್ಲುವುದು ಕಷ್ಟ.

ಇದಕ್ಕಿಂತಲೂ ಕಠಿಣವಾದುದು ಮೌನ. ನಿಮ್ಮ ಮನೆಯ ರೇಡಿಯೋದ ಗುಂಡಿಯನ್ನು ತಿರುಗಿಸಿದರೆ ದೂರದ ಊರು ಮಾತನಾಡುತ್ತದೆ. ಆ ವೈಮಾನಿಕರ ಬಳಿಯೂ ರೇಡಿಯೋ ಇದ್ದಿತು. ಆದರೆ ಶತ್ರುವಿಗೆ ಸುಳಿವು ಸಿಕ್ಕೀತೆಂದು ಅದರಲ್ಲಿ ಮಾತನಾಡುವಂತಿರಲಿಲ್ಲ. ಆದುದರಿಂದ ಅವರು ಇರುಳಿನಲ್ಲಿ ನಕ್ಷತ್ರಗಳನ್ನೇ ನೋಡಿ ದಾರಿ ಹಿಡಿದರು. ವಿಮಾನಗಳ ಹೆಸರುಗಳೂ ಅವೇ: ಅಲ್ಟೇರ್, ವೇಗಾ, ಸ್ಪೈಕಾ, ಅಂಟಾರೆಸ್, ರೈಜೆಲ್. ಇವುಗಳಲ್ಲಿ ಮೊದಲ ನಾಲ್ಕು ನಿಮಗೆ ಅಪರಿಚಿತವಲ್ಲ. ನಮ್ಮ ಪಂಚಾಂಗದ ಶ್ರವಣ, ಅಭಿಜಿತ್, ಚಿತ್ತಾ, ಜ್ಯೇಷ್ಠಾ ನಕ್ಷತ್ರಗಳೇ ಅವು.

ಒಂದೇ ಹಾರಾಟದಲ್ಲಿ ಎರಡು ಸಲ ಸೂರ್ಯೋದಯ ಕಾಣುತ್ತಿದ್ದುದರಿಂದ ಪ್ರಯಾಣಿಕರಿಗೆ ‘ಎರಡು ಸೂರ್ಯೋದಯಗಳ ಗುಪ್ತ ಸಂಘ’ದ ಸದಸ್ಯರೆಂದು ಪ್ರಮಾಣಪತ್ರ ಕೊಡುತ್ತಿದ್ದರು. 1945ರ ಜುಲೈವರೆಗೆ ಈ ಕ್ಯಾಟಲೀನಾಗಳು 271 ಬಾರಿ ಸಾಗರವನ್ನು ದಾಟಿದುವು. ಒಂದೂ ದಾರಿಯಲ್ಲಿ ನಷ್ಟವಾಗಲಿಲ್ಲ. ಅಷ್ಟರಲ್ಲಿ, 1944ರಲ್ಲಿಯೇ, ನೆಲದಿಂದ ಏರುವ ಲಿಬರೇಟರ್ ವಿಮಾನಗಳು ಬಂದು ಪ್ರಯಾಣವನ್ನು ಸುಮಾರು 17 ಗಂಟೆಗೆ ಇಳಿಸಿದ್ದುವು. ಯುದ್ಧ ಮುಗಿದ ಬಳಿಕ, ಅಮೆರಿಕದೊಡನೆ ಆಗಿದ್ದ ಒಪ್ಪಂದದ ಷರತ್ತಿನಂತೆ, ಆ ಐದು ಹಾರುದೋಣಿಗಳನ್ನೂ ಸಮುದ್ರದಲ್ಲಿ ಮುಳುಗಿಸಿಬಿಟ್ಟರು.

2018ರ ಮಾರ್ಚಿಯಲ್ಲಿ ಅದೇ ಪರ್ತಿನಿಂದ ಅದೇ ಸಂಸ್ಥೆಯ ವಿಮಾನವು ಎಲ್ಲಿಯೂ ಇಳಿಯದೆ ಲಂಡನ್ನಿಗೆ ಹಾರಿತು: ಸುಮಾರು 14,500 ಕಿಲೋಮೀಟರು, ಸುಮಾರು 17 ಗಂಟೆ. ಲಿಬರೇಟರಿನ ಕಾಲಕ್ಕೆ ಸಿಂಹಳದವರೆಗೆ ಹಿಡಿಯುತ್ತಿದ್ದ ಹೊತ್ತಿನಲ್ಲಿ ಇಂದು ಲಂಡನ್ ತಲಪಬಹುದು. ಸಾಗರ ಕಿರಿದಾಗಿಲ್ಲ. ಅಂದು ಮಾತಿಲ್ಲದೆ, ನಕ್ಷತ್ರಗಳನ್ನು ನಂಬಿ ದಾಟಿದವರು ಅದು ದಾಟಬಹುದಾದ ದೂರವೆಂದು ತೋರಿಸಿಕೊಟ್ಟಿದ್ದರು.